ಮಂಗಳವಾರದ ಬ್ಯಾಕಪ್

ಅವನು ಸೌನಾಗೆ ಬರುತ್ತಿರಲಿಲ್ಲ. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿಂದ.

ನಾನು ಇರ್ಮೆಲಿ ಪುಹಾಕ್ಕಾ. ಸುತ್ತಮುತ್ತಲ ಏಳೆಂಟು ಊರಿನವರ ರಕ್ತ, ಮೂತ್ರ ಎಲ್ಲವನ್ನೂ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಡೇಟಾಬೇಸ್ ಕಾಯುತ್ತಿದ್ದೇನೆ. ಯಾರಿಗೆ ಯಾವಾಗ ಎಷ್ಟು ಸಕ್ಕರೆ ಇತ್ತು, ಯಾರ ಗಡ್ಡೆ ಕೆಟ್ಟದ್ದು, ಯಾರದ್ದು ಅಲ್ಲ, ಎಲ್ಲಾ ಅದರೊಳಗೇ ಇದೆ. ಅದು ಹೋದರೆ ವೈದ್ಯರು ಕಣ್ಣುಕಟ್ಟಿಕೊಂಡು ಔಷಧಿ ಬರೆಯಬೇಕು. ಹೀಗಿರುವಾಗ ಅದರ ವಿಷಯದಲ್ಲಿ ನನಗೆ ಸ್ವಲ್ಪ ಸಿಡುಕು ಜಾಸ್ತಿ ಅಂತ ಯಾರಾದರೂ ಅಂದರೆ, ಅನ್ನಲಿ ಬಿಡಿ.

ರಾಸ್ಮುಸ್ ಹ್ಯಾಗ್‌ಬ್ಲೂಮ್ ಏಪ್ರಿಲ್‌ನಲ್ಲಿ ಬಂದ. ನನಗೆ ಸಹಾಯಕ ಅಂತ. ಕರಾವಳಿಯ ಸ್ವೀಡಿಷ್ ಮಾತಾಡುವವರ ಪೈಕಿ, ಮೂವತ್ತೈದು ವಯಸ್ಸು, ಉದ್ದ ಕತ್ತು, ಕೇಳಿದ್ದಕ್ಕೆ ಒಂದು ಮಾತು, ಕೇಳದ್ದಕ್ಕೆ ಅದೂ ಇಲ್ಲ. ನಾನು ಎಲ್ಲರನ್ನೂ ನೀನು ಅನ್ನುವವಳು. ಅವನಿಗೆ ಮಾತ್ರ ನೀವು ಅಂದೆ, ದೂರದಲ್ಲೇ ಇರಲಿ ಅಂತ.

ಮೊದಲ ವಾರವೇ ಅವನನ್ನು ಕರೆದಿದ್ದರು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಸೌನಾ ಇದೆ, ಕರೆಂಟ್ ಒಲೆಯಲ್ಲಿ ಕಲ್ಲು ಕಾಯಿಸಿ ಹಬೆಯಲ್ಲಿ ಕೂತು ಬೆವರುವ ಕೋಣೆ. ಮಂಗಳವಾರ ಹೆಂಗಸರ ಸರದಿ, ಗುರುವಾರ ಗಂಡಸರದ್ದು, ಉಳಿದ ದಿನ ಬೇಕಾದವರು ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರು ಬರೆದರೆ ಆಯಿತು. ಕಟ್ಟಡ ನೋಡಿಕೊಳ್ಳುವ ಕೌಕೊ, "ಗುರುವಾರ ಬಾರಯ್ಯಾ, ಬೆನ್ನು ಕಾಯಿಸ್ಕೊಂಡು ಎರಡು ಮಾತಾಡೋಣ" ಅಂದ. ಇವನು "ಬೇಡ, ಥ್ಯಾಂಕ್ಸ್" ಅಂದ. ಕಾರಣ ಇಲ್ಲ, ನೆಪವೂ ಇಲ್ಲ. ಎರಡನೇ ಸಲವೂ ಅದೇ. ಮೂರನೇ ಸಲ ಕೌಕೊ ಕರೆಯಲಿಲ್ಲ.

"ಮೈಮೇಲೆ ಏನಾದ್ರೂ ಹಚ್ಚೆ ಗಿಚ್ಚೆ ಇರ್ಬೇಕು ಕಣೇ," ಅಂತ ಸೇಯಾ ನಕ್ಕಳು. ಸೇಯಾ ರಕ್ತ ತೆಗೆಯುವ ವಿಭಾಗದವಳು, ಹಳೇ ಗೆಳತಿ.

"ಹಚ್ಚೆ ಅಲ್ಲ, ಹೊಟ್ಟೆಯೊಳಗೆ ಏನೋ ಇದೆ," ಅಂದೆ ನಾನು.

ಬಂದ ಎರಡನೇ ವಾರಕ್ಕೇ ಅವನು ನಮ್ಮ ಮುಖ್ಯಸ್ಥೆ ಪೌಲಾಳ ಮುಂದೆ ಬಾಯಿ ಬಿಟ್ಟಿದ್ದ. ಸರ್ವರ್ ಹಳೆಯದು, ಇದನ್ನೆಲ್ಲ ರಾಜಧಾನಿಯ ಕಡೆ ಯಾವುದಾದರೂ ದೊಡ್ಡ ಕೇಂದ್ರಕ್ಕೆ ಸಾಗಿಸುವುದು ಒಳ್ಳೆಯದು ಅಂತ. ಇಪ್ಪತ್ತಾರು ವರ್ಷ ಸಾಕಿದ್ದನ್ನು ಹದಿನಾಲ್ಕು ದಿನದವನು ಸಾಗಿಸುತ್ತಾನಂತೆ!

ಮೇ ತಿಂಗಳಲ್ಲಿ ಬ್ಯಾಕಪ್ ಕೆಟ್ಟಿತು.

ದಿನಾ ಸಂಜೆ ಐದಕ್ಕೆ ಅಷ್ಟೂ ಫಲಿತಾಂಶಗಳ ಒಂದು ಪೂರ್ತಿ ಪ್ರತಿ ಬೇರೆ ಡಿಸ್ಕಿಗೆ ಇಳಿಯುತ್ತದೆ. ಆಮೇಲೆ ಊರೂರಿನ ಮಾದರಿಗಳು ಬಂದು, ಯಂತ್ರಗಳು ಬೆಳಗಿನವರೆಗೂ ಫಲಿತಾಂಶ ತುಂಬುತ್ತಲೇ ಇರುತ್ತವೆ. ಐದರಿಂದ ಎಂಟರವರೆಗೆ ಮಾತ್ರ ಸರ್ವರಿಗೆ ಬಿಡುವು. ಈ ಕೆಲಸಕ್ಕೆ ಮೂವತ್ತೆಂಟು ನಿಮಿಷ ಸಾಕು. ವರ್ಷಗಟ್ಟಲೆ ಅದು ಅಷ್ಟೇ ತೆಗೆದುಕೊಂಡಿತ್ತು. ಈಗ ಒಂದು ದಿನ ಮೂವತ್ತೆಂಟು ನಿಮಿಷ, ಮಾರನೇ ದಿನ ಎರಡೂವರೆ ಗಂಟೆ, ಅದರ ಮಾರನೇ ದಿನ ಮತ್ತೆ ಮೂವತ್ತೊಂಬತ್ತು. ಕೆಲವು ದಿನ ಅರ್ಧಕ್ಕೇ ನಿಂತುಬಿಡುವುದು. ನಾನು ಕೇಬಲ್ ಬದಲಾಯಿಸಿದೆ. ಡಿಸ್ಕ್ ಬದಲಾಯಿಸಿದೆ. ಹತ್ತು ವರ್ಷ ಹಳೆಯ ಫಲಿತಾಂಶಗಳನ್ನು ಬೇರೆ ಕಡೆಗೆ ಸರಿಸಿ ಹೊರೆ ಇಳಿಸಿದೆ. ಐದು ಗಂಟೆಗೆ ಬೇರೆ ಯಾವುದಾದರೂ ಕೆಲಸ ಡೇಟಾಬೇಸನ್ನು ಹಿಡಿದುಕೊಂಡಿರುತ್ತದೆಯೋ ಅಂತ ಒಂದೊಂದೇ ಸಾಲು ಕೆದಕಿದೆ. ಏನೂ ಇಲ್ಲ. ಕೆಟ್ಟರೆ ಪೂರ್ತಿ ಕೆಡಬೇಕಪ್ಪ, ಆಗ ಹುಡುಕಬಹುದು. ಇದು ಬೇಕಾದಾಗ ಕೆಟ್ಟು ಬೇಕಾದಾಗ ಸರಿಹೋಗುತ್ತಿತ್ತು. ಹಾಗೆ ಆಟ ಆಡುವುದು ಯಂತ್ರ ಅಲ್ಲ, ಮನುಷ್ಯ. ನನ್ನ ತಲೆ ಓಡಿದ್ದು ಹೀಗೆ.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ರಾಸ್ಮುಸ್ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಸರ್ವರ್ ಕೋಣೆ ಬಿಸಿಯಾಗ್ತಿದೆ ಅನ್ಸುತ್ತೆ," ಅಂದ.

"ಅನ್ಸುತ್ತೆ ಅಂದ್ರೆ?"

"ಸಂಜೆ ಹೊತ್ತು. ಒಂದೊಂದು ದಿನ."

"ನೀವು ಸಂಜೆ ಹೊತ್ತು ಆ ಕೋಣೆಗೆ ಯಾಕೆ ಹೋಗ್ತೀರಿ? ನನ್ನನ್ನ ಕೇಳದೆ ಅಲ್ಲಿ ಕಾಲಿಡಬಾರದು ಅಂತ ಮೊದಲ ದಿನವೇ ಹೇಳಿದ್ದೆ, ನೆನಪಿದೆಯಾ?" ಅಂದೆ. "ಏಪ್ರಿಲ್‌ನಲ್ಲಿ ಹೊಸ ತಂಪಿನ ಯಂತ್ರ ಹಾಕ್ಸಿದೀವಿ. ದಿನಾ ಬೆಳಿಗ್ಗೆ ಎಂಟಕ್ಕೆ ನಾನೇ ಹೋಗಿ ನೋಡ್ತೀನಿ. ಇಪ್ಪತ್ತೊಂದು ಡಿಗ್ರಿ. ಇವತ್ತೂ ಇಪ್ಪತ್ತೊಂದೇ."

ಅವನು "ಸರಿ" ಅಂತ ಹೋದ. ಆ ಮಾತು ಮತ್ತೆ ಎತ್ತಲಿಲ್ಲ. ನನಗೆ ಮಾತ್ರ ಒಂದು ವಿಷಯ ತಿಳಿದ ಹಾಗಾಯಿತು: ಇವನು ಸಂಜೆ ಅಲ್ಲಿಗೆ ಹೋಗುತ್ತಾನೆ.

ಅವತ್ತಿನಿಂದ ನಾನು ಪತ್ತೇದಾರಿಕೆಗೆ ಇಳಿದೆ. ಆ ಕೋಣೆಯ ಬಾಗಿಲು ಕಾರ್ಡ್ ತೋರಿಸಿದರೆ ಮಾತ್ರ ತೆರೆಯುತ್ತದೆ. ಯಾರು ಎಷ್ಟು ಹೊತ್ತಿಗೆ ತೆರೆದರು ಅನ್ನುವುದು ಪಟ್ಟಿಯಲ್ಲಿ ಬೀಳುತ್ತದೆ. ಆ ಪಟ್ಟಿ ತೆಗೆಸಿ, ಬ್ಯಾಕಪ್ ಹಾಳಾದ ದಿನಗಳ ಪಕ್ಕದಲ್ಲಿಟ್ಟೆ. ಮಂಗಳವಾರ ಮೇ ಇಪ್ಪತ್ತಾರು: ಹಾಳು. ರಾಸ್ಮುಸ್, ಐದೂ ಇಪ್ಪತ್ತು, ಐದೂ ಮೂವತ್ತೈದು, ಐದೂ ಐವತ್ತು, ಆರೂ ಐದು. ಗುರುವಾರ: ಹಾಳು. ಮತ್ತೆ ರಾಸ್ಮುಸ್, ನಾಲ್ಕು ಸಲ. ಬುಧವಾರ ಬ್ಯಾಕಪ್ ಸರಿ ಇತ್ತು, ಆವತ್ತು ಬಾಗಿಲನ್ನು ಯಾರೂ ಮುಟ್ಟಿಲ್ಲ. ಎಲ್ಲರೂ ನೆಲಮಾಳಿಗೆಯಲ್ಲಿ ಹಬೆ ಹಾಕಿಕೊಂಡು ಕೂತಿರುವಾಗ ಇವನು ಮೇಲೆ ಒಬ್ಬನೇ, ಕಳ್ಳಬೆಕ್ಕಿನ ಹಾಗೆ ಒಳಗೆ ಹೊರಗೆ, ಒಳಗೆ ಹೊರಗೆ.

ಒಂದು ತೊಡಕಿತ್ತು. ಕೆಲವು ಶನಿವಾರವೂ ಬ್ಯಾಕಪ್ ಹಾಳಾಗಿತ್ತು, ಶನಿವಾರ ಅವನು ಕಟ್ಟಡಕ್ಕೇ ಬರುತ್ತಿರಲಿಲ್ಲ. ಅದಕ್ಕೂ ಉತ್ತರ ಹುಡುಕಿಕೊಂಡೆ. ಮನೆಯಿಂದಲೇ ಏನೋ ಮಾಡ್ತಾನೆ ಅಂದುಕೊಂಡೆ. ಅನುಮಾನಕ್ಕೆ ಉತ್ತರ ಹುಡುಕುವುದು ಎಷ್ಟು ಹೊತ್ತಿನ ಕೆಲಸ ಹೇಳಿ.

ಸೇಯಾಗೆ ಇದನ್ನೆಲ್ಲ ಹೇಳಿದ್ದು ಸೌನಾದ ಮೇಲಿನ ಹಲಗೆಯಲ್ಲಿ ಕೂತು. ನಾವು ಹೆಂಗಸರು ಬೇಗ ಏಳುವವರಲ್ಲ. ಮೂರು ಗಂಟೆ ಒಲೆ ಉರಿಯಲೇಬೇಕು.

"ಯಾಕೆ ಹಾಗ್ಮಾಡ್ತಾನೆ ಅವನು? ಅವನಿಗೇನು ಲಾಭ?" ಅಂದಳು ಸೇಯಾ, ಬೆವರು ಒರೆಸಿಕೊಳ್ಳುತ್ತಾ.

"ಹಳೇ ಸರ್ವರ್ ಕೆಟ್ಟೋಗಿದೆ ಅಂತ ತೋರಿಸ್ಬೇಕಲ್ಲ! ಅಷ್ಟಾದ್ರೆ ಎಲ್ಲಾ ದೊಡ್ಡ ಕೇಂದ್ರಕ್ಕೆ ಹೋಗುತ್ತೆ. ಇವನು ಹೀರೋ, ಈ ಮುದುಕಿ ಮನೆಗೆ."

"ಕೇಳಿಬಿಡೇ ನೇರವಾಗಿ."

"ಕೇಳಿದ್ರೆ ಹೂಂ ಅಂತಾನಾ?"

ಸೇಯಾ ಕಾದ ಕಲ್ಲಿಗೆ ಒಂದು ಸೌಟು ನೀರು ಹುಯ್ದಳು. ಎದ್ದ ಹಬೆಗೆ ಇಬ್ಬರೂ ತಲೆ ತಗ್ಗಿಸಿ ಕೂತೆವು. "ನಿನಗೆ ಅವನು ಸೌನಾಗೆ ಬರ್ದೇ ಇರೋದೇ ಹೊಟ್ಟೆಯುರಿ," ಅಂದಳು ಆಮೇಲೆ. ನಾನು ಅವಳ ಕಾಲಿಗೆ ಒಂದು ಕೊಟ್ಟೆ.

ಬೇಸಿಗೆಯಲ್ಲಿ ಎಲ್ಲರೂ ರಜೆಗೆ ಹೋದರು, ಜುಲೈ ಪೂರ್ತಿ ಬ್ಯಾಕಪ್ ಮೂವತ್ತೆಂಟು ನಿಮಿಷಕ್ಕೇ ಮುಗಿಯಿತು. ರಾಸ್ಮುಸ್ ಕೂಡ ರಜೆಯಲ್ಲಿದ್ದ. ನೋಡಿ, ಇನ್ನೇನು ಬೇಕು? ಆಗಸ್ಟ್‌ನಲ್ಲಿ ಅವನು ಬಂದ, ರೋಗವೂ ಬಂತು.

ಸೆಪ್ಟೆಂಬರ್‌ನಲ್ಲಿ ನಾನು ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದೆ. ತೆರೆಯಲಿಲ್ಲ. ಅದಕ್ಕೂ ಹಿಂದಿನದು ತೆರೆಯಿತು, ಆದರೆ ಅರ್ಧ ಖಾಲಿ. ಅವತ್ತು ಸರ್ವರ್ ಸತ್ತಿದ್ದರೆ ಸಾವಿರಾರು ಜನರ ಫಲಿತಾಂಶ ಗಾಳಿಗೆ ಹೋಗಿರುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಲ್ಲೇ ಪೌಲಾಗೆ ಕಾಗದ ಬರೆದೆ.

ಪೌಲಾ ಕಾಗದ ಓದಿ, ಕನ್ನಡಕ ತೆಗೆದಿಟ್ಟಳು. "ಇರ್ಮೆಲಿ, ಅವನೇ ಮಾಡ್ತಿದಾನೆ ಅಂತ ನಿನಗೆ ಖಚಿತಾನಾ?"

"ಪಟ್ಟಿ ನೋಡು. ನಾನು ಹೇಳ್ತಿಲ್ಲ, ಬಾಗಿಲು ಹೇಳ್ತಿದೆ."

"ಅವನನ್ನ ಕರೆಸಿ ಕೇಳ್ಲಾ?"

"ಕೇಳು. ಕೇಳಿದ ದಿನವೇ ಅವನು ಇನ್ನೇನಾದ್ರೂ ಅಳಿಸಿದ್ರೆ ನನ್ನನ್ನ ಕೇಳ್ಬೇಡ."

ಪೌಲಾ ಕಿಟಕಿಯ ಕಡೆ ತಿರುಗಿದಳು. ರಾಸ್ಮುಸ್‌ಗೆ ಆರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ಇನ್ನು ಹತ್ತು ದಿನ ಇತ್ತು. ಅದು ಮುಗಿಯುವವರೆಗೆ ಯಾರನ್ನಾದರೂ ಎರಡು ಮಾತಿನಲ್ಲಿ ಬಿಡಿಸಬಹುದು, ಜಗಳ ಇಲ್ಲ, ವಿಚಾರಣೆ ಇಲ್ಲ. ಮುಗಿದ ಮೇಲೆ ಅಷ್ಟು ಸುಲಭ ಅಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಆ ವಾರವನ್ನೇ ನೋಡಿ ಕಾಗದ ಕೊಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಶುಕ್ರವಾರ ಅವನು ಹೋದ. ಒಂಬತ್ತರ ಕಾಫಿ ಹೊತ್ತಿನಲ್ಲಿ ಏಲಕ್ಕಿ ಬನ್ನು ಹಂಚುವ ಪದ್ಧತಿ ಇದೆ, ಬಿಟ್ಟು ಹೋಗುವವರು ತರಬೇಕು. ಅವನೂ ತಂದಿಟ್ಟ. ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನ ಹತ್ತಿರ ಬಂದು, "ಮಂಗಳವಾರ ಯಾರಾದ್ರೂ ಇರೋದು ಒಳ್ಳೇದು" ಅಂದ. ನಾನದನ್ನು ಬೆದರಿಕೆ ಅಂತಲೇ ತಿಳಿದೆ.

ಮಂಗಳವಾರ ಬಂತು. ನಾನು ಎಂದಿನ ಹಾಗೆ ನಾಲ್ಕೂವರೆಗೆ ಕೆಳಗಿಳಿದು, ನಿರಾಳವಾಗಿ, ಹಲಗೆಯ ಮೇಲೆ ಕಾಲು ಚಾಚಿ ಕೂತೆ. ಬುಧವಾರ ಬೆಳಿಗ್ಗೆ ಬಂದು ನೋಡಿದರೆ ಬ್ಯಾಕಪ್ ನಿಧಾನವಾಗಿದ್ದಷ್ಟೇ ಅಲ್ಲ, ಆರೂ ನಲವತ್ತಕ್ಕೆ ಸರ್ವರ್ ತಾನಾಗಿಯೇ ಆರಿಹೋಗಿತ್ತು. ರಾತ್ರಿ ಪಾಳಿಯ ಹುಡುಗಿಯರು ಫಲಿತಾಂಶಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದರು. ಆರು ತಿಂಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಬಾಗಿಲಿನ ಪಟ್ಟಿ ತೆಗೆದೆ. ಖಾಲಿ. ಯಾರೂ ಒಳಗೆ ಹೋಗಿಲ್ಲ.

"ಹೋಗೋ ಮುಂಚೆ ಏನೋ ಇಟ್ಟು ಹೋಗಿದಾನೆ," ಅಂದೆ ಸೇಯಾಗೆ.

ಸೇಯಾ ಈ ಸಲ ನಗಲಿಲ್ಲ. "ಇರ್ಮೆಲಿ, ಸಾಕು ಕಣೇ" ಅಂದಳು.

ಗುರುವಾರ ನಾಲ್ಕೂ ಮುಕ್ಕಾಲಿಗೆ ನಾನು ಸರ್ವರ್ ಕೋಣೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಕೈಯಲ್ಲಿ ಫೋನು, ಕಾಲಿನ ಹತ್ತಿರ ಥರ್ಮಾಸು. ಅವನು ಏನು ಇಟ್ಟು ಹೋಗಿದ್ದರೂ ಇವತ್ತು ನನ್ನ ಕಣ್ಣಮುಂದೆಯೇ ಕೆಲಸ ಮಾಡಬೇಕು. ತಂಪಿನ ಯಂತ್ರ ಗೋಡೆಯ ಮೇಲೆ ಸುಯ್ ಅನ್ನುತ್ತಿತ್ತು. ಇಪ್ಪತ್ತೊಂದು ಡಿಗ್ರಿ. ನಾಲ್ಕೂ ಐವತ್ತೈದಕ್ಕೆ ಎಲ್ಲೋ ಟಕ್ ಅಂತು, ಸುಯ್ ಅನ್ನುವುದು ನಿಂತಿತು.

ಯಾರೋ ಇದ್ದಾರೆ! ಕಟ್ಟಡದೊಳಗೇ ಇದ್ದಾರೆ! ಕೌಕೊಗೆ ಫೋನ್ ಹಚ್ಚಿದೆ.

"ಕೌಕೊ, ಎಲ್ಲಿದೀಯಾ? ಯಾರೋ ತಂಪಿನ ಯಂತ್ರ ಆರಿಸಿದಾರೆ. ಬಾಗಿಲೆಲ್ಲಾ ಹಾಕು, ಯಾರನ್ನೂ ಹೊರಗೆ ಬಿಡ್ಬೇಡ!"

"ನಾನು ಕೆಳಗಿದೀನಿ ತಾಯಿ, ಟವೆಲ್ ಸುತ್ಕೊಂಡು. ಯಾರೂ ಇಲ್ಲ ಇಲ್ಲಿ. ಈಗ ತಾನೇ ಒಲೆ ಹಾಕ್ದೆ."

"ಒಲೆ ಯಾವಾಗ ಹಾಕ್ದೆ?"

"ಈಗ. ಈ ನಿಮಿಷ."

ನಾನು ಗೋಡೆಯ ಮೇಲಿನ ಯಂತ್ರವನ್ನೇ ನೋಡಿದೆ. "ಆರಿಸು."

"ಏನು?"

"ಒಲೆ ಆರಿಸೋ ಮಾರಾಯ!"

"ಇವತ್ತು ಗಂಡಸರ ಸರದಿ ಕಣಮ್ಮ. ವಾರಕ್ಕೊಂದು ದಿನ ಸಿಗೋದು, ಅದಕ್ಕೂ ನಿನಗೆ ಕಣ್ಣಾ?"

"ಕೌಕೊ!"

ಆರಿಸಿದ. ಟಕ್ ಅಂತು. ತಂಪಿನ ಯಂತ್ರ ಸುಯ್ ಅಂದಿತು. ಮತ್ತೆ ಹಾಕು ಅಂದೆ, ಹಾಕಿದ, ನಿಂತಿತು. ಮೂರು ಸಲ ಮಾಡಿಸಿದೆ. ಫೋನಿನಲ್ಲಿ ಹಿಂದಿನಿಂದ ಗಂಡಸರು ಬೈಯುವುದು ಕೇಳುತ್ತಿತ್ತು.

"ಅಯ್ಯೋ ದೇವರೇ," ಅಂದ ಕೌಕೊ ನಿಧಾನವಾಗಿ. "ಅದನ್ನ ಹೀಟರ್ ಸಾಲಿಗೆ ಕಟ್ಟಿದಾರೆ."

ಇಲ್ಲಿ ಪ್ರತಿ ಮನೆಯಲ್ಲೂ ಹಾಗೇ. ಸೌನಾ ಒಲೆ ಹತ್ತಿತು ಅಂದರೆ ಮನೆಯ ಹೀಟರ್‌ಗಳು ತಾವಾಗಿಯೇ ಆರುತ್ತವೆ, ಇಲ್ಲದಿದ್ದರೆ ಮುಖ್ಯ ಫ್ಯೂಸ್ ಹಾರಿಹೋಗುತ್ತದೆ. ಅದು ಚಿಕ್ಕ ಮಗುವಿಗೂ ಗೊತ್ತು. ಏಪ್ರಿಲ್ ಕೊನೆಯಲ್ಲಿ ಹಳೇ ತಂಪಿನ ಯಂತ್ರ ಕೆಟ್ಟಾಗ ಒಬ್ಬ ಎಲೆಕ್ಟ್ರಿಷಿಯನ್ ಬಂದು ಹೊಸದು ಹಾಕಿಹೋಗಿದ್ದ. ಚಳಿಗಾಲದಲ್ಲಿ ಬಿಸಿಗಾಳಿಗೆ ತಿರುಗಿಸಿಕೊಂಡು ಎಲ್ಲರ ಮನೆ ಬೆಚ್ಚಗಿಡುವುದೂ ಅದೇ ಥರದ ಯಂತ್ರವೇ. ಪಾಪ, ಅವನ ಕೈ ಜೀವನವಿಡೀ ಅದನ್ನು ಹೀಟರ್‌ಗಳ ಜೊತೆಗೇ ಕಟ್ಟಿದೆ, ಇಲ್ಲೂ ಹಾಗೇ ಕಟ್ಟಿದೆ. ಸೌನಾ ಉರಿದಷ್ಟು ಹೊತ್ತು ಸರ್ವರ್ ಕೋಣೆಗೆ ತಂಪಿಲ್ಲ. ಬಿಸಿಯಾದ ಹಾಗೆ ಸರ್ವರ್ ತನ್ನ ಜೀವ ಉಳಿಸಿಕೊಳ್ಳಲು ನಿಧಾನ ಮಾಡುತ್ತದೆ. ಗಂಡಸರು ಒಂದೂವರೆ ಗಂಟೆಗೆ ಎದ್ದು ಹೋಗುತ್ತಾರೆ, ಅದಕ್ಕೆ ಗುರುವಾರ ಸ್ವಲ್ಪ ವಾಸಿ. ಶನಿವಾರ ಕೆಲವೊಮ್ಮೆ ನಿವೃತ್ತರ ಸಂಘದವರು ಹಾಳೆಯಲ್ಲಿ ಹೆಸರು ಬರೆಯುತ್ತಾರೆ. ಜುಲೈನಲ್ಲಿ ಎಲ್ಲರೂ ಕೆರೆ ಪಕ್ಕದ ತಮ್ಮ ತಮ್ಮ ಸೌನಾದಲ್ಲಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ನಾನು ನೋಡುವಾಗ ಮತ್ತೆ ಇಪ್ಪತ್ತೊಂದು ಡಿಗ್ರಿ.

ಮಂಗಳವಾರ ನಾಲ್ಕೂವರೆಗೆ ಆ ಒಲೆಯ ಗುಂಡಿ ತಿರುಗಿಸುತ್ತಿದ್ದವಳು ನಾನೇ. ಪ್ರತಿ ವಾರ, ನನ್ನ ಕೈಯಿಂದಲೇ.

ಶುಕ್ರವಾರ ಎಲೆಕ್ಟ್ರಿಷಿಯನ್ ಬಂದು ಆ ತಂತಿ ಬೇರೆ ಸಾಲಿಗೆ ಹಾಕಿದ. ಪೌಲಾ ನನ್ನ ಮಾತನ್ನೆಲ್ಲ ಕೇಳಿದಳು.

"ಅವನ ಜಾಗ ಇನ್ನೂ ಖಾಲಿ ಇದೆ," ಅಂದಳು. "ಅವನು ಒಪ್ಪಿದ್ರೆ ಸೋಮವಾರವೇ ಬರಲಿ. ಆದ್ರೆ ನಾನು ಫೋನ್ ಮಾಡಲ್ಲ. ನೀನು ಹೋಗು."

ಶನಿವಾರ ಹೋದೆ. ರೈಲು ನಿಲ್ದಾಣದ ಹಿಂದಿನ ಕಟ್ಟಡ, ಮೂರನೇ ಮಹಡಿ. ಅವನು ಬಾಗಿಲು ತೆರೆದು, ಆಶ್ಚರ್ಯವನ್ನೂ ತೋರಿಸದೆ, ಒಳಗೆ ಬನ್ನಿ ಅಂದ. ಕಾಫಿ ಇಟ್ಟ. ನಾನು ಕೋಟು ಬಿಚ್ಚುವ ಮೊದಲೇ ಎಲ್ಲಾ ಹೇಳಿಬಿಟ್ಟೆ: ಒಲೆ, ಹೀಟರ್ ಸಾಲು, ಬಾಗಿಲಿನ ಪಟ್ಟಿ, ನನ್ನ ಕಾಗದ. ಅವನು ಪೂರ್ತಿ ಕೇಳಿದ.

"ಒಲೆಯಿಂದ ಅಂತ ನನಗೆ ಗೊತ್ತಾಗ್ಲಿಲ್ಲ," ಅಂದ. "ಬಿಸಿಯಾಗುತ್ತೆ ಅನ್ನೋದಷ್ಟೇ ಗೊತ್ತಿತ್ತು. ಮೂವತ್ತೇಳಕ್ಕೆ ಹೋಗೋದು. ಬಾಗಿಲು ತೆಗೆದಿಟ್ರೆ ನಿಮಿಷಕ್ಕೆಲ್ಲ ಅಲಾರಂ ಹೊಡ್ಕೊಳುತ್ತೆ. ಅದಕ್ಕೆ ಕಾಲು ಗಂಟೆಗೊಂದ್ಸಲ ತೆಗೆದು, ಬಾಗಿಲನ್ನೇ ಹಿಂದಕ್ಕೂ ಮುಂದಕ್ಕೂ ಆಡಿಸಿ, ಬಿಸಿಗಾಳಿ ಹೊರಗೆ ಹಾಕ್ತಿದ್ದೆ. ಆರೂ ಹತ್ತರ ಬಸ್ಸಿನವರೆಗೆ."

"ಪೌಲಾಗೆ ಹೇಳ್ಬಾರ್ದಿತ್ತಾ?"

"ನಿಮಗೆ ಹೇಳಿದ್ದೆನಲ್ಲ. ನಿಮ್ಮನ್ನ ದಾಟಿ ಹೋದ್ರೆ ದೂರು ಹೇಳಿದ ಹಾಗಾಗ್ತಿತ್ತು."

ನನಗೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಅವನು ಕಾಫಿ ಬಗ್ಗಿಸಿ, "ಆ ಕಾಗದದಲ್ಲಿ ಏನು ಬರೆದಿದ್ರಿ?" ಅಂತ ಕೇಳಿದ.

ಅದರ ಪ್ರತಿ ಚೀಲದಲ್ಲಿತ್ತು. ಕೊಡಲು ಹೋದೆ. ಅವನು ಕೈ ಚಾಚಲಿಲ್ಲ. "ನೀವೇ ಓದಿ" ಅಂದ.

ಓದಿದೆ. ಒಂದೂವರೆ ಪುಟ. "ಉದ್ದೇಶಪೂರ್ವಕವಾಗಿ" ಅನ್ನುವ ಮಾತು ನಾಲ್ಕು ಸಲ ಬರುತ್ತದೆ ಅಂತ ಜೋರಾಗಿ ಓದುವಾಗಲೇ ನನಗೆ ತಿಳಿದದ್ದು. ಕೊನೆಯ ಸಾಲನ್ನೂ ಓದಿದೆ. "ಸಹೋದ್ಯೋಗಿಗಳ ಜೊತೆ ಸೌನಾಗೂ ಬರುವುದಿಲ್ಲ, ಏನನ್ನೋ ಮುಚ್ಚಿಡುತ್ತಾರೆ ಎಂಬುದು ಎಲ್ಲರ ಅಭಿಪ್ರಾಯ."

"ಎಲ್ಲರ ಅಭಿಪ್ರಾಯಾನಾ?"

"ಇಲ್ಲ. ನನ್ನದು."

ಅವನು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ. ಎದೆಯ ನಡುವೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು. "ಹೃದಯದ ಕವಾಟ ಬದಲಾಯಿಸಿದಾರೆ. ಬಿಸಿಯಲ್ಲಿ ಕೂರಬಾರದು ಅಂತ ನನ್ನ ವೈದ್ಯರ ಅಪ್ಪಣೆ," ಅಂದ. "ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗ್ಬೇಕು, ಅದನ್ನ ನೋಡಿ ಮಾತ್ರೆ ಎಷ್ಟು ಅಂತ ಹೇಳ್ತಾರೆ. ಐದು ವರ್ಷದ ಫಲಿತಾಂಶ ನಿಮ್ಮ ಡೇಟಾಬೇಸ್‌ನಲ್ಲೇ ಇದೆ. ಬ್ಯಾಕಪ್ ಹಾಳಾಗ್ಬಾರ್ದು ಅಂತ ನಿಮಗಿಂತ ನನಗೇ ಹೆಚ್ಚು ಇತ್ತು."

ಮೂವತ್ತೇಳು ಡಿಗ್ರಿಯ ಆ ಕೋಣೆಯ ಬಾಗಿಲಲ್ಲಿ ನಿಂತು ಬಾಗಿಲು ಬೀಸುತ್ತಿದ್ದವನು ಇವನು. ನಾನು ಅತ್ತುಬಿಟ್ಟೆ. ಐವತ್ತೆಂಟು ವರ್ಷದವಳು, ಯಾರದೋ ಅಡುಗೆಮನೆಯಲ್ಲಿ ಕೂತು ಮೂಗು ಒರೆಸಿಕೊಂಡು ಅತ್ತೆ. ಅವನು ಕಾಗದದ ಕರವಸ್ತ್ರ ಸರಿಸಿ ಕೊಟ್ಟ.

"ಸೋಮವಾರ ಬನ್ನಿ, ರಾಸ್ಮುಸ್," ಅಂದೆ. "ಪೌಲಾ ಒಪ್ಪಿದಾಳೆ. ಈ ಕಾಗದಾನ ಎಲ್ಲರೆದುರಿಗೆ ಓದಿ ತಪ್ಪಾಯ್ತು ಅಂತೀನಿ. ಬೇಕಾದ್ರೆ ಸರ್ವರ್ ಕೋಣೇನ ನಿಮಗೇ ಬಿಟ್ಟುಕೊಡ್ತೀನಿ."

"ಬರಲ್ಲ."

"ಬೇರೆ ಕೆಲಸ ಸಿಕ್ತಾ?"

"ಇಲ್ಲ."

"ಮತ್ತೆ ಯಾಕೆ?"

ಅವನ ದನಿಯಲ್ಲಿ ಕೋಪ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು. "ಇನ್ನೊಂದ್ಸಲ ಬ್ಯಾಕಪ್ ನಿಂತ್ರೆ, ನೀವು ಮೊದಲು ಯಾರ ಕಾರ್ಡ್ ನೋಡ್ತೀರಿ, ಇರ್ಮೆಲಿ?"

ಯಾರದ್ದೂ ಇಲ್ಲ ಅನ್ನಬಹುದಿತ್ತು, ಅದು ಸುಳ್ಳು. ಅವನು ಎದ್ದು ಹೋಗಿ ನನ್ನ ಕೋಟು ತಂದುಕೊಟ್ಟ.